ಹಿಂದಕ್ಕೆ ನಡೆದ ತುಳಸಿ

ಪಂಢರಪುರಕ್ಕೆ ನಡೆದು ಹೊರಟ ವಾರಿ ನೀರಾ ನದಿ ದಾಟಿದಾಗಿನಿಂದ ಭಿವಾ ಎಷ್ಟೋ ಸಲ ಹಿಂತಿರುಗಿ ನೋಡಿದ್ದ. ಪ್ರತಿ ಸಲವೂ ತನ್ನ ಭಜನಾ ತಂಡವಾದ ದಿಂಡಿಯ ಹೆಂಗಸರ ಸಾಲಿನಲ್ಲಿ ಆ ಹಿತ್ತಾಳೆಯ ತುಳಸಿ ಕುಂಡ ಕಂಡಿತ್ತು. ಕೊರಳಿಗೆ ಕೆಂಪು ಚಿಂದಿ ಕಟ್ಟಿದ ಕುಂಡ. ಅದನ್ನು ಹೊತ್ತ ಹೆತ್ತತಾಯಿ, ಆಯಿ, ಅದರ ಕೆಳಗೇ ಇದ್ದಾಳೆಂದು ಅವನು ತಾಳ ಬಾರಿಸುತ್ತ, ಕುಣಿಯುತ್ತ ಲೋಣಂದದ ಮುಕ್ಕಾಮು ಮುಟ್ಟಿದ್ದ.

ಡೇರೆಯ ಮುಂದೆ ಕುಂಡ ಕೆಳಗಿಳಿದಾಗ ಕಂಡದ್ದು ಅದೇ ದಿಂಡಿಯ ಸಖೂ ಮಾವಶಿಯ ಮುಖ.

"ಆಯಿ ಎಲ್ಲಿ?"

"ನಿನ್ನ ಜೋಡಿ ಮುಂದ ಅದಾಳ ಅಂದ್ಕೊಂಡಿದ್ದೆ. ನೀರಾದಾಗ ಪಲ್ಲಕ್ಕಿಯ ಪಾದುಕೆಗೆ ಸ್ನಾನ ಆದಮ್ಯಾಲೆ, 'ತಗೋ ಮಾವುಲಿ, ನೀನೂ ಒಂದಿಷ್ಟು ಪುಣ್ಯ ಕಟ್ಕೋ' ಅಂತ ಆಕಿನೇ ನನ್ನ ತಲಿ ಮ್ಯಾಲ ಇಟ್ಟಳು."

ತುಳಸಿ ಒಬ್ಬಳದಲ್ಲ, ತಲೆಯಿಂದ ತಲೆಗೆ ಹೋಗುತ್ತದೆ. ಭಿವಾನಿಗೆ ಅದು ಚಿಕ್ಕಂದಿನಿಂದ ಗೊತ್ತು. ಆದರೂ ಮುಖ ನೋಡದೆ ಕುಂಡ ನೋಡಿದ್ದ. ಆಯಿಯ ನೆನಪು ಈಚೆಗೆ ಸೋರಿಹೋಗುತ್ತಿತ್ತು. ಮಗನ ಗುರುತು ಸಿಗದ ದಿನವೂ ಅವಳು ಅಂಗಳದ ತುಳಸಿಗೆ ನೀರು ಹಾಕುವುದನ್ನು ಮರೆಯುತ್ತಿರಲಿಲ್ಲ. ಅಂಥವಳು ಲಕ್ಷಾಂತರ ಜನರ ನಡುವೆ ಎಲ್ಲೋ ನಿಂತಿದ್ದಾಳೆ.

ಕಳೆದುಹೋದವರ ಪೆಂಡಾಲಿನಲ್ಲಿ ಮೈಕು ಹಿಡಿದವನು ಚಹಾ ಕುಡಿಯುತ್ತಿದ್ದ.

"ಹೆಸರು ಕೇಳಿದರ ಮುದುಕಿ ಏನು ಹೇಳತಾಳ?"

"ಮಾವುಲಿ ಅಂತಾಳ."

"ಇಲ್ಲಿ ಎಲ್ಲಾರನ್ನೂ ತಾಯಿ ಅಂತನ ಕರೀತಾರ, ನಾನೂ ಮಾವುಲಿ, ನೀನೂ ಮಾವುಲಿ, ಪೋಲೀಸಪ್ಪನೂ ಮಾವುಲಿ. ಹೆಂಗ ಹುಡುಕೂಣು ತಮ್ಮಾ?"

ಅವನ ಕೈಯ ಲೋಟ ಕಿತ್ತು ಬಿಸಾಡಬೇಕೆನಿಸಿತು. ಭಿವಾ ದಿಂಡಿಯ ಹಿರಿಯ ಗೇನುಬುವಾನ ಹತ್ತಿರ ಓಡಿದ.

"ಬುವಾ, ಆರತಿಗೆ ಮುಂಚೆ ಎಲ್ಲಾರ ತಾಳ ನಿಂತಾಗ ನಮ್ಮದು ನಿಲ್ಲಸಬ್ಯಾಡ್ರಿ. ತಕರಾರು ಅದ ಅಂತ ಚೋಪದಾರಗ ತಿಳೀಲಿ."

"ಹುಚ್ಚಪ್ಪಾ, ನಮ್ಮಪ್ಪನ ಕಾಲದಿಂದ ನಮ್ಮ ದಿಂಡಿ ತಕರಾರು ತಗದಿಲ್ಲ. ಒಬ್ಬ ಮುದುಕೀನ ಸಂಭಾಳಿಸಲಿಲ್ಲ ಅಂತ ಮಂದಿ ಉಗಳಬೇಕೇನು? ವಿಠೋಬಾ ನೋಡ್ಕೋತಾನ ಬಿಡು."

"ವಿಠೋಬಾ ಪಂಢರಪುರದಾಗ ನಿಂತಾನ. ಆಕಿ ನೀರಾದಾಗ ನಿಂತಾಳ."

ಸಂಜೆ ಪಲ್ಲಕ್ಕಿಯ ಸುತ್ತ ದಿಂಡಿಗಳೆಲ್ಲ ನೆರೆದವು. ಸಾವಿರಾರು ತಾಳಗಳ ಸದ್ದಿಗೆ ನೆಲ ನಡುಗುತ್ತಿತ್ತು. ವಾರಿಯ ಶಿಸ್ತು ನೋಡುವ ಚೋಪದಾರ ಬೆಳ್ಳಿಕೋಲು ಎತ್ತಿದ. ಬಯಲಿಗೆ ಬಯಲೇ ಗಪ್ಪೆಂದು ಸುಮ್ಮನಾಯಿತು. ಒಂದು ತಾಳ ಮಾತ್ರ ನಿಲ್ಲಲಿಲ್ಲ. ಬುವಾ ರಟ್ಟೆ ಹಿಡಿದು ಜಗ್ಗಿದ. ಭಿವಾ ಹಲ್ಲು ಕಚ್ಚಿ ಇನ್ನೂ ಜೋರಾಗಿ ಬಾರಿಸಿದ.

ಚೋಪದಾರ ಬಂದು ನಿಂತ. "ಏನು ತಕರಾರು?"

"ನಮ್ಮ ಆಯಿನ ಬಿಟ್ಟು ಬಂದೀವಿ. ಒಂದಾದರೂ ದಿಂಡಿ ಹಿಂದಕ್ಕ ಕಳಸ್ರಿ."

"ವಾರಿ ಹಿಂದಕ್ಕ ಹೋಗಂಗಿಲ್ಲಪಾ. ಕೂಗಿ ಹೇಳತೀನಿ, ಅಷ್ಟ ನನ್ನ ಕೈಯಾಗ ಇರೋದು."

ಕೂಗಿದ. ಬಯಲು ಕಿವಿಗೊಟ್ಟಿತು. ಆ ತುದಿಯಲ್ಲಿ ಇನ್ನೊಂದು ತಾಳ ಸದ್ದು ಮಾಡಿತು. ಭಿವಾ ತುದಿಗಾಲಲ್ಲಿ ನಿಂತು ಅತ್ತ ನೋಡಿದ. ಚೋಪದಾರ ಅತ್ತ ಹೋಗಿ ಕೇಳಿದ. ಅವರಿಗೆ ನೀರಿನ ಟ್ಯಾಂಕರು ಬಂದಿರಲಿಲ್ಲ, ಅಷ್ಟೇ. ಆರತಿ ಶುರುವಾಯಿತು.

ಭಿವಾ ತಾಳ ತೆಗೆದು ಬುವಾನ ಕೊರಳಿಗೆ ಹಾಕಿದ. ಡೇರೆಗೆ ಬಂದು ತುಳಸಿ ಕುಂಡ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

"ಗಂಡಸರು ಹೊರೂದಲ್ಲೋ ಅದು" ಎಂದಳು ಸಖೂ ಮಾವಶಿ.

"ನನ್ನ ಮುಖ ಆಕಿಗೆ ಮರತದ ಮಾವಶಿ. ಇದು ಮರತಿಲ್ಲ."

ನೀರಾದ ದಾರಿಯಲ್ಲಿ ತಡವಾದ ದಿಂಡಿಗಳು ಇನ್ನೂ ಎದುರಿಗೆ ಬರುತ್ತಿದ್ದವು. ತುಳಸಿ ಕಂಡವರೆಲ್ಲ ಬಗ್ಗಿ ಅವನ ಕಾಲು ಮುಟ್ಟುವವರೇ. ಒಬ್ಬೊಬ್ಬರೂ ಅವನ ಒಂದೊಂದು ಹೆಜ್ಜೆ ತಿನ್ನುತ್ತಿದ್ದರು.

"ಮಾವುಲಿ, ಪಂಢರಪುರ ಆಕಡೆ ಅದ" ಎಂದು ಯಾರೋ ನಕ್ಕರು.

"ಕಾಲು ಬಿಡ್ರಿ. ನಿಮ್ಮ ಪುಣ್ಯ ಹಾಳಾಗಿ ಹೋಗಲಿ, ಕಾಲು ಬಿಡ್ರಿ."

ಅವನೀಗ ಎದುರಾದ ಪ್ರತಿ ಮುದುಕಿಯ ಮುಖ ನೋಡುತ್ತಿದ್ದ. ಒಬ್ಬಳು ಅವನನ್ನು ತಡೆದು ಕೈಯೆತ್ತಿ ಎಲೆ ಮುಟ್ಟಿದಳು. ಬಗ್ಗಿ ನೋಡಿದ. ಬೇರೆ ಯಾರೋ.

"ಒಣಗಾಕ ಬಿಟ್ಟೀಯಲ್ಲೋ ಮಗನಾ" ಎಂದು ಬೈದು, ಅವಳು ತನ್ನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಕುಂಡಕ್ಕೆ ಸುರಿದಳು. ಕೆಸರು ನೀರು ಅವನ ಹಣೆಯಿಂದ ಕಣ್ಣಿಗಿಳಿಯಿತು. ಎರಡೂ ಕೈ ಕುಂಡದ ಮೇಲಿದ್ದವು. ಒರೆಸಿಕೊಳ್ಳದೆ ಮುಂದಿನ ಮುಖ ನೋಡಿದ, ಅದರ ಮುಂದಿನದನ್ನೂ.