ಹಳ್ಳದಾಚೆಯ ಜೇನುಮನೆ

ಮೂರನೆಯ ಪೆಟ್ಟಿಗೆಯ ಹಿಂಬಾಗಿಲು ತೆಗೆಯುತ್ತಿದ್ದಂತೆ ಪಾವ್ಲಾಳ ಮೂಗಿಗೆ ವಾಸನೆ ಬಡಿಯಿತು. ಬಡಗಿಗಳು ಕಾಯಿಸುವ ಸರೇಸಿನಂಥ ವಾಸನೆ. ಜೇನಿನ ಪೆಟ್ಟಿಗೆಯಿಂದ ಬರಬಾರದ್ದು. ಹೊಗೆಡಬ್ಬಿಯನ್ನು ನೆಲಕ್ಕಿಟ್ಟು ಅವಳು ಒಂದು ಎರಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ಮರಿಗಳ ಮೇಲಿನ ಮೇಣದ ಮುಚ್ಚಳಗಳು ಉಬ್ಬಿಕೊಂಡಿರುವ ಬದಲು ಒಳಗೆ ಕುಸಿದಿದ್ದವು. ಎಣ್ಣೆ ಸವರಿದಂತೆ ಕಪ್ಪಗಾಗಿದ್ದವು. ಜೇಬಿನಿಂದ ಬೆಂಕಿಕಡ್ಡಿ ತೆಗೆದು ಒಂದು ಕುಳಿಗೆ ಚುಚ್ಚಿ ಮೆಲ್ಲಗೆ ಎಳೆದಳು. ಕಂದುಬಣ್ಣದ ಅಂಟು ನೂಲಿನ ಹಾಗೆ ಕಡ್ಡಿಯ ಹಿಂದೆಯೇ ಬಂತು.

ಅದು ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮರಿಗಳನ್ನು ಕೊಳೆಸುವ ಆ ರೋಗಕ್ಕೆ ಸ್ಲೊವೇನಿಯಾದಲ್ಲಿ ಮದ್ದಿಲ್ಲ, ಬೆಂಕಿಯಿದೆ. ಎರಿಯನ್ನು ಇದ್ದಲ್ಲೇ ಸೇರಿಸಿ ಬಾಗಿಲು ಹಾಕಿದಳು.

ಆ ವಸಂತದಲ್ಲಿ ಅವಳು ಪೆಟ್ಟಿಗೆಗಳ ಕಡೆ ತಲೆಹಾಕಿರಲಿಲ್ಲ. ಶಾಲೆಯ ಅಡುಗೆಮನೆಯ ಕೆಲಸ ಮುಗಿದರೆ ಪಟ್ಟಣದ ಆಸ್ಪತ್ರೆಗೆ ಓಡಬೇಕಿತ್ತು. ಅಕ್ಕ ಅಲ್ಲಿ ಮಲಗಿದ್ದಳು. ಅಕ್ಕ ಚೇತರಿಸಿಕೊಂಡು ಮನೆಗೆ ಹೋದಳು. ಈಗ ಬಂದು ನೋಡಿದರೆ ಇದು.

ಹಳ್ಳದ ಆಚೆ ದಡದಲ್ಲಿ ಲೆನಾರ್ಟನ ಜೇನುಮನೆ ಬಿಸಿಲಿಗೆ ಹೊಳೆಯುತ್ತಿತ್ತು. ಬೀರುವಿನ ಖಾನೆಗಳಂತೆ ಒಂದರ ಮೇಲೊಂದು ಜೋಡಿಸಿದ ಪೆಟ್ಟಿಗೆಗಳು, ಪ್ರತಿಯೊಂದರ ಮುಂಹಲಗೆಯ ಮೇಲೂ ಒಂದು ಚಿತ್ರ. ಬೇಟೆಗಾರನ ಹೆಣವನ್ನು ಹೊತ್ತು ನಡೆಯುವ ಕರಡಿ ಮತ್ತು ಮೊಲಗಳು. ಹೆಂಗಸಿನ ನಾಲಗೆಯನ್ನು ಸಾಣೆಗೆ ಹಿಡಿದ ಸೈತಾನ. ಆ ಹೆಂಗಸಿಗೆ ಲೆನಾರ್ಟನ ಹೆಂಡತಿ ತ್ಸಿಲ್ಕಾ ಬೇಕೆಂದೇ ಪಾವ್ಲಾಳ ಮುಖ ಬಿಡಿಸಿದ್ದಳು. ಊರೆಲ್ಲ ನಕ್ಕಿತ್ತು, ಪಾವ್ಲಾಳೂ. ಪ್ರವಾಸೋದ್ಯಮ ಇಲಾಖೆಯವರು ಅದರ ಫೋಟೋ ತೆಗೆದು ನಾಡನ್ನು ಪರಿಚಯಿಸುವ ಪುಸ್ತಿಕೆಯ ಮುಖಪುಟಕ್ಕೆ ಹಾಕಿದ್ದರು. ತ್ಸಿಲ್ಕಾ ತೀರಿಕೊಂಡು ಆರು ವರ್ಷವಾಗಿತ್ತು. ರೈಲ್ವೆಯಿಂದ ನಿವೃತ್ತನಾದ ಲೆನಾರ್ಟ್ ಈಗ ಜನರ ಹತ್ತಿರಕ್ಕಿಂತ ಹೆಚ್ಚು ಮಾತಾಡುತ್ತಿದ್ದದ್ದು ಆ ಪೆಟ್ಟಿಗೆಗಳ ಹತ್ತಿರ.

ಅಧಿಕಾರಿಗಳಿಗೆ ಫೋನು ಮಾಡುವ ಮೊದಲು ಅವನಿಗೆ ಹೇಳಬೇಕು ಎಂದು ಪಾವ್ಲಾ ಹಳ್ಳದ ಕಾಲುಸೇತುವೆ ದಾಟಿದಳು.

"ಬಂದ್ಯಾ ಮಹಾರಾಣಿ?" ಲೆನಾರ್ಟ್ ಬೆಂಚಿನ ಮೇಲಿಂದಲೇ ಕೂಗಿ, ತನ್ನ ಜೇನುಪೆಟ್ಟಿಗೆಗಳ ಕಡೆ ಕೈತೋರಿದ. "ನಿನ್ನ ಮನೇಲಿ ಯಾರೂ ಇಲ್ಲ ಅಂತ ನಮ್ಮ ಹುಡುಗೀರು ದಿನಾ ಹೋಗಿ ವಿಚಾರಿಸ್ಕೊಂಡು ಬರ್ತಿದ್ರು. ನಿನ್ನ ಆ ಮೂರನೇದು ಬಲ ಇಲ್ಲದ್ದು ಕಣೆ. ಬಾಗಿಲಲ್ಲಿ ಕಾವಲೇ ಇಲ್ಲ. ಇವು ಸೀದಾ ಒಳಗೆ ನುಗ್ಗಿ ಹೊಟ್ಟೆ ತುಂಬ ಕುಡ್ಕೊಂಡು ಬರ್ತವೆ."

ಪಾವ್ಲಾ ತಿರುಗಿ ತನ್ನ ಪೆಟ್ಟಿಗೆಗಳ ಕಡೆ ನೋಡಿದಳು. "ಯಾವಾಗಿಂದ?"

"ಮಳೆ ಹಿಡ್ಕೊಂಡಾಗಿಂದ. ಹೂವಿಲ್ಲ, ಇನ್ನೇನ್ ಮಾಡ್ತವೆ? ನಿಂಗೆ ಬೇಜಾರಾದ್ರೆ ಒಂದು ಡಬ್ಬಿ ಜೇನು ಕೊಡ್ತೀನಿ ಬಿಡು, ಲೆಕ್ಕ ಚುಕ್ತಾ."

"ಲೆನಾರ್ಟ್, ಮೂರನೇದ್ರಲ್ಲಿ ಕೊಳೆರೋಗ ಇದೆ. ಕಡ್ಡಿ ಹಾಕಿ ನೋಡ್ದೆ. ನೂಲು ಬಂತು."

ಕದ್ದ ಜೇನಿನ ಜೊತೆ ಆ ರೋಗವೂ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಎದ್ದು, ತನ್ನ ಜೇನುಮನೆಯ ಒಳಗೆ ಹೋಗಿ, ಬಾಗಿಲು ಹಾಕಿಕೊಂಡ. ಒಂದಾದ ಮೇಲೊಂದು ಪೆಟ್ಟಿಗೆಯ ಚಿಲಕ ತೆಗೆಯುವ ಸದ್ದು ಅವಳಿಗೆ ಕೇಳಿಸಿತು. ಹೊರಗೆ ಬಂದಾಗ ಅವನ ಕೈಬೆರಳುಗಳ ನಡುವೆ ಕಂದು ಅಂಟು ಹತ್ತಿದ ಬೆಂಕಿಕಡ್ಡಿಯಿತ್ತು.

"ಪೆಟ್ಟಿಗೆ ಬಾಗಿಲು ಕಿರಿದು ಮಾಡಿ ಹೋಗೋಕೆ ಎರಡು ನಿಮಿಷ ಸಾಕಿತ್ತು," ಅಂದ.

"ಅಕ್ಕ ಆಸ್ಪತ್ರೇಲಿದ್ಲು."

"ಗೊತ್ತು. ನನಗಾದ್ರೂ ಒಂದ್ ಮಾತು ಹೇಳಿದ್ರೆ ನಾನೇ ಮಾಡ್ತಿದ್ದೆ."

ಅವನ ಹುಳಗಳೇ ಕದಿಯಲು ಬಂದದ್ದು ಎಂಬ ಮಾತು ಅವಳ ನಾಲಗೆಯ ತುದಿಯಲ್ಲಿತ್ತು. ಬಂದು ಕದಿಯುವುದನ್ನು ನೋಡುತ್ತ ಕೂತು ನಕ್ಕವನು ಅವನೇ ಎಂಬುದೂ. ಆದರೆ ರೋಗ ಮೊದಲು ಯಾವ ಕಡೆಯಿಂದ ಬಂದಿರಬಹುದು, ಯಾರ ಹುಳು ಯಾರಿಗೆ ತಂದಿತು ಎಂಬುದು ಯಾರಿಗೂ ತಿಳಿಯುವಂತಿರಲಿಲ್ಲ. ತಿಳಿದರೂ ಪ್ರಯೋಜನವಿರಲಿಲ್ಲ.

ಫೋನು ಮಾಡಿದ ಮೇಲೆ ಬಂದ ಪಶುವೈದ್ಯೆ ಬ್ರೀನಾ ಚಿಕ್ಕ ವಯಸ್ಸಿನವಳು. ಬಿಳಿ ಅಂಗಿ ತೊಟ್ಟು ಎರಡೂ ದಡದ ಪೆಟ್ಟಿಗೆಗಳನ್ನು ನೋಡಿದಳು, ಮಾದರಿ ಕಳಿಸಿದಳು. ಫಲಿತಾಂಶ ಬಂದ ದಿನ ಪಾವ್ಲಾಳ ಅಡುಗೆಮನೆಯಲ್ಲಿ ಕೂತು, ಮುಂದಿಟ್ಟ ಅಕ್ರೋಟದ ಸುರುಳಿರೊಟ್ಟಿಯನ್ನು ಮುಟ್ಟದೆ ಹೇಳಿದಳು: "ಪಾವ್ಲಾ ಅವರೇ, ನಿಮ್ಮವು ಎಲ್ಲಾ ಸುಡ್ಬೇಕು. ಲೆನಾರ್ಟ್ ಅವರವೂ ಎಲ್ಲಾ. ಕೆಲವು ಇನ್ನೂ ಚೆನ್ನಾಗಿ ಕಾಣ್ತವೆ, ಆದ್ರೆ ಉಳಿಸೋ ಹಾಗಿಲ್ಲ. ಸುತ್ತಮುತ್ತ ಯಾರೂ ಈ ಬೇಸಿಗೆ ಪೆಟ್ಟಿಗೆ ಕದಲಿಸೋ ಹಾಗಿಲ್ಲ."

"ಬೇಸಿಗೆ ಜೇನಿಗೆ ಕಾಡಿನ ಕಡೆಗೂ ಒಯ್ಯೋ ಹಾಗಿಲ್ವಾ?"

"ಇಲ್ಲ. ಈಗಾಗ್ಲೇ ನಾಲ್ಕು ಜನ ಜೇನುಗಾರರು ಫೋನ್ ಮಾಡಿ ಬೈದ್ರು."

ಊರಿನಲ್ಲಿ ಯಾರೂ ಪಾವ್ಲಾಳನ್ನು ಎದುರಿಗೆ ಬೈಯಲಿಲ್ಲ. ಅಂಗಡಿಗೆ ಅವಳು ಕಾಲಿಟ್ಟಾಗ ಮಾತು ನಿಲ್ಲುತ್ತಿತ್ತು, ಅಷ್ಟೇ.

ಲೆನಾರ್ಟನ ಕಡೆ ನೆಲವೆಲ್ಲ ಬಂಡೆ. ಹಾಗಾಗಿ ಗುಂಡಿಯನ್ನು ಪಾವ್ಲಾಳ ಹುಲ್ಲುಗಾವಲಲ್ಲಿ ತೋಡಿದರು. ಸಂಜೆ ಹುಳಗಳೆಲ್ಲ ಮನೆಸೇರುವ ಹೊತ್ತಿಗೆ ಬಾಗಿಲುಗಳನ್ನು ಮುಚ್ಚಿ ಒಳಗೆ ಗಂಧಕದ ಹೊಗೆ ಬಿಟ್ಟರು. ಎರಡೂ ದಡದಲ್ಲಿ ಗುಂಯ್‌ಗುಟ್ಟುವಿಕೆ ಮೊದಲು ಏರಿತು. ಕೆಟಲಿನಲ್ಲಿ ನೀರು ಕುದಿಯುವಂತೆ ಕೇಳಿಸಿತು. ಆಮೇಲೆ ಅಲ್ಲೊಂದು ಇಲ್ಲೊಂದು ಪೆಟ್ಟಿಗೆಯಲ್ಲಿ ಮಾತ್ರ ಉಳಿಯಿತು. ಆಮೇಲೆ ಹಳ್ಳದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಪಾವ್ಲಾ ಆ ಹಳ್ಳದ ಪಕ್ಕದಲ್ಲೇ ಹುಟ್ಟಿ ಬೆಳೆದವಳು; ಅದು ಇಷ್ಟು ಜೋರಾಗಿ ಹರಿಯುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಬ್ರೀನಾ ಕೊನೆಯ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿ, "ತೀರಿಕೊಂಡ್ವು," ಅಂದಳು. ಆ ನಾಡಿನ ಮಾತಿನಲ್ಲಿ ದನ ಸಾಯುತ್ತದೆ, ನಾಯಿ ಸಾಯುತ್ತದೆ; ತೀರಿಕೊಳ್ಳುವುದು ಮನುಷ್ಯರು ಮತ್ತು ಜೇನುಹುಳಗಳು ಮಾತ್ರ.

"ಸತ್ತಿವೆ," ಅಂದ ಲೆನಾರ್ಟ್. "ಸತ್ತಿವೆ ಅನ್ನಮ್ಮ. ಹೊತ್ತು ಹಾಕೋಕೆ ಸುಲಭ ಆಗುತ್ತೆ."

ಪಾವ್ಲಾಳಿಗೆ ಕಪಾಳಕ್ಕೆ ಬಿದ್ದಂತಾಯಿತು. ಅವನ ಬಾಯಲ್ಲಿ ಆ ಪದ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಚಿತ್ರದ ಹಲಗೆಗಳ ವಿಷಯ ಬಂದಾಗ ಬ್ರೀನಾ ದನಿ ತಗ್ಗಿಸಿದಳು. ಸೋಡಾ ಹಾಕಿದ ಕುದಿನೀರಿನಲ್ಲಿ ಬೇಯಿಸಿದರೆ ಹಲಗೆ ಉಳಿಸಿಕೊಳ್ಳಬಹುದು, ಆದರೆ ಬಣ್ಣ ನಿಲ್ಲುವುದಿಲ್ಲ ಅಂದಳು. ಲೆನಾರ್ಟ್ ಮೊಳೆ ಕೀಳುವ ಇಕ್ಕಳ ತಂದು ಒಂದೊಂದೇ ಹಲಗೆ ಬಿಡಿಸಿ, ಸೇತುವೆ ದಾಟಿ ತಂದು ಗುಂಡಿಗೆ ಹಾಕಿದ. ಪಾವ್ಲಾ ಒಂದು ಹಲಗೆಯನ್ನು ಅವನ ಕೈಯಿಂದ ತಗೊಳ್ಳಲು ಹೋದಳು.

"ಬಿಡು," ಅಂದ. "ಬೋಳು ಹಲಗೆ ಇಟ್ಕೊಂಡು ನಾನೇನ್ ಮಾಡ್ಲಿ? ತ್ಸಿಲ್ಕಾಗೆ ಏನಂತ ಹೇಳ್ಲಿ?"

ಗುಂಡಿಯಲ್ಲಿದ್ದ ಪೆಟ್ಟಿಗೆಗಳ ಮೇಣಕ್ಕೆ ಬೆಂಕಿ ಹಿಡಿದಾಗ ಜ್ವಾಲೆ ಲಿಂಡೆನ್ ಮರದ ಎತ್ತರಕ್ಕೆ ಎದ್ದಿತು. ಇಡೀ ಕಣಿವೆಗೆ ಜೇನಿನ ಪರಿಮಳ ಹಬ್ಬಿತು. ಹಬ್ಬಕ್ಕೆ ರೊಟ್ಟಿ ಬೇಯಿಸುವ ಮನೆಯಂತೆ ಘಮಘಮಿಸುತ್ತಿದ್ದ ಗಾಳಿಯಲ್ಲಿ ಇಬ್ಬರೂ ಗುಂಡಿಯ ಎರಡು ಕಡೆ ನಿಂತಿದ್ದರು. ಉರಿ ತಗ್ಗಿದ ಮೇಲೆ ಮಣ್ಣು ಮುಚ್ಚಿದರು. ಲೆನಾರ್ಟ್ ಸಲಿಕೆಯನ್ನು ಹುಲ್ಲಿಗೆ ಒರೆಸಿ, ಹೋಗುತ್ತೇನೆ ಎಂದೂ ಹೇಳದೆ ಸೇತುವೆ ದಾಟಿದ. ಅಲ್ಲಿಂದ ಮುಂದೆ ಅವನು ಅವಳ ಮನೆಗೆ ಬರಲಿಲ್ಲ.

ಚಳಿಗಾಲ ಕಳೆದು ಹಿಮ ಕರಗುವಾಗ ಜೇನುಗಾರರ ಸಂಘದವರು ಪಾವ್ಲಾಳನ್ನು ಕರೆಸಿದರು. ಕಳೆದುಕೊಂಡವರಿಗೆ ಸದಸ್ಯರು ಒಂದೊಂದು ಜೇನುಕುಟುಂಬ ಕೊಡುವುದು ಅಲ್ಲಿನ ವಾಡಿಕೆ. ಬೈದವರೂ ಕೊಡಲು ಮುಂದೆ ಬಂದಿದ್ದರು. ಅವಳು ಅಲ್ಲಿಂದ ಸೀದಾ ಲೆನಾರ್ಟನ ಬಾಗಿಲಿಗೆ ಹೋದಳು. ಅವನು ಗಡ್ಡ ಬಿಟ್ಟಿದ್ದ. ಒಲೆಯ ಮೇಲೆ ಹುಳಿಹಾಕಿದ ಟರ್ನಿಪ್ ಗೆಡ್ಡೆ ಬೇಯುತ್ತಿತ್ತು. ಒಳಗೆ ಕರೆಯಲಿಲ್ಲ.

"ಎಂಟು ಕುಟುಂಬ ಕೊಡ್ತಾರಂತೆ," ಅಂದಳು. "ನಾಲ್ಕು ನಿಂಗೆ, ನಾಲ್ಕು ನಂಗೆ. ರಾಣಿಗಳೆಲ್ಲ ಹೊಸವು. ಪೆಟ್ಟಿಗೆ ನಾವೇ ಮಾಡ್ಕೊಳ್ಳೋಣ."

"ನೀನು ಇಟ್ಕೊ."

"ನೀನಿಲ್ದೆ ನಾನೇನ್ ಇಟ್ಕೊಳ್ಲಿ? ಬೆಳಿಗ್ಗೆ ಎದ್ದು ಯಾರ ಹತ್ರ ಜಗಳ ಆಡ್ಲಿ?"

ಅವನ ತುಟಿ ಕೊಂಚ ಅಲ್ಲಾಡಿತು, ನಗುವಾಗಲಿಲ್ಲ. "ಜೇನುಮನೆ ಮಾರಿಬಿಟ್ಟೆ ಪಾವ್ಲಾ. ಕೆರೆ ಹತ್ರದ ಆ ದೊಡ್ಡ ಹೋಟೆಲಿನವರು ತಗೊಂಡ್ರು. ಬಿಚ್ಚಿ ಒಯ್ತಾರೆ."

"ಕೇಳೋದಲ್ವೇನೋ ಒಂದ್ ಮಾತು?"

"ಆಸ್ಪತ್ರೆಗೆ ಓಡಾಡೋವಾಗ ನೀನ್ ಕೇಳಿದ್ಯಾ?"

ಪಾವ್ಲಾ ಸೇತುವೆ ದಾಟಿ ಮನೆಗೆ ಬಂದಳು. ಸಂಘಕ್ಕೆ ಬೇಡವೆಂದು ಹೇಳಿಕಳಿಸಿದಳು. ಹಾಗೆ ಹೇಳುವ ಮೊದಲು ಒಂದು ಕುಟುಂಬವನ್ನಾದರೂ ಇಟ್ಟುಕೊಳ್ಳಬೇಕೆಂದು ಸಂಘದವರ ಅಂಗಳದಲ್ಲಿ ಪೆಟ್ಟಿಗೆ ತೆರೆದು ನೋಡಿದ್ದಳು. ಹುಳಗಳು ಲವಲವಿಕೆಯಿಂದಿದ್ದವು, ಎರಿಗಳು ಹೊಸ ಬೆಣ್ಣೆಯಂತಿದ್ದವು. ಆದರೂ ಅವಳ ಮೂಗಿಗೆ ಬಂದದ್ದು ಸರೇಸಿನ ವಾಸನೆಯೇ. ಲಾರಿ ಬಂದು ಹಳ್ಳದಾಚೆಯ ತೊಲೆ, ಹಲಗೆ, ಸೂರನ್ನು ಒಯ್ದಿತು. ಕಲ್ಲಿನ ಅಡಿಪಾಯದ ಮೇಲೆ ತುರಿಕೆ ಗಿಡ ಎದ್ದಿತು. ಆ ವರ್ಷ ಸೇಬಿನ ಮರಗಳು ಮೈತುಂಬ ಹೂಬಿಟ್ಟವು; ಹೂಗಳು ಬಹುಪಾಲು ಕಾಯಿ ಕಚ್ಚದೆ ಉದುರಿದವು.

ಸೆಪ್ಟೆಂಬರಿನಲ್ಲಿ ಶಾಲೆಯವರು ಮಕ್ಕಳನ್ನು ನಾಡಿನ ಸಂಸ್ಕೃತಿ ತೋರಿಸಲು ಕೆರೆಯ ಕಡೆ ಕರೆದುಕೊಂಡು ಹೋದರು. ಬುತ್ತಿ ಹಂಚಲು ಪಾವ್ಲಾಳೂ ಹೋಗಬೇಕಾಯಿತು. ಹೋಟೆಲಿನ ಅಂಗಳದಲ್ಲಿ ಹೊರದೇಶದವರು ಗುಂಪಾಗಿ ನಿಂತಿದ್ದರು. ಮಾರ್ಗದರ್ಶಿ ಹುಡುಗಿ ಅವರಿಗೆ ಹೇಳುತ್ತಿದ್ದಳು: ನಮ್ಮದು ಬಹಳ ಚಿಕ್ಕ ದೇಶ, ನಮ್ಮ ಹತ್ತಿರ ಬೆಟ್ಟವಿದೆ, ಕಾಡಿದೆ, ಜೇನಿದೆ; ಪ್ರತಿ ಮನೆಯ ಹಿಂದೆಯೂ ಇಂಥದೊಂದು ಜೇನುಮನೆ ನೋಡಬಹುದು.

ಅವಳ ಬೆನ್ನ ಹಿಂದೆ ಲೆನಾರ್ಟನ ಜೇನುಮನೆ ನಿಂತಿತ್ತು. ಪುಸ್ತಿಕೆಯ ಫೋಟೋ ನೋಡಿ ಯಾರೋ ಹೊಸ ಹಲಗೆಗಳಿಗೆ ಚಿತ್ರ ಬರೆದಿದ್ದರು. ಬಣ್ಣ ಮಿರುಗುತ್ತಿತ್ತು. ಸಾಣೆಯ ಮುಂದಿನ ಹೆಂಗಸಿಗೆ ಈಗ ಯಾರದೂ ಅಲ್ಲದ ಒಂದು ಮುಖವಿತ್ತು. ಸೂರಿನ ಕೆಳಗೆ ಸಿಕ್ಕಿಸಿದ ಪುಟ್ಟ ಸ್ಪೀಕರಿನಿಂದ ಹುಳಗಳ ಗುಂಯ್‌ಗುಟ್ಟುವಿಕೆ ಬರುತ್ತಿತ್ತು. ಅದರ ಪಕ್ಕದ ಬೆಂಚಿನಲ್ಲಿ ಹುಲ್ಲಿನ ಟೋಪಿ, ನೀಲಿ ಏಪ್ರನ್ ತೊಟ್ಟು, ಬಂದವರಿಗೆಲ್ಲ ಮರದ ಚಮಚದಲ್ಲಿ ಜೇನು ಕೊಡುತ್ತ ಕೂತಿದ್ದವನು ಲೆನಾರ್ಟ್.

ಅವಳು ಹತ್ತಿರ ಹೋದಳು. ಅವನು ತಲೆಯೆತ್ತಿ ನೋಡಿ, ಅಭ್ಯಾಸಬಲದಿಂದ ಚಮಚ ಮುಂದೆ ಚಾಚಿ, ಗುರುತು ಹಿಡಿದು ಹಿಂದಕ್ಕೆ ತೆಗೆದುಕೊಂಡ.

"ತಿನ್ಬೇಡ," ಅಂದ. "ಎಲ್ಲಿಂದ ತರ್ತಾರೋ ಗೊತ್ತಿಲ್ಲ. ಡ್ರಮ್ಮಲ್ಲಿ ಬರುತ್ತೆ."

"ಇಲ್ಲಿ ಕೂರೋ ಅಂಥದ್ದು ಏನಿತ್ತೋ ನಿಂಗೆ?"

"ಮನೇಲಿ ಕೂತ್ರೆ ಏನೂ ಕೇಳ್ಸಲ್ಲ." ಅವನು ಗದ್ದದಿಂದ ಸೂರಿನ ಕಡೆ ತೋರಿಸಿದ. "ಇಲ್ಲಿ ಇದಾದ್ರೂ ಇರುತ್ತೆ. ಮೊದಮೊದಲು ಸುಳ್ಳು ಸದ್ದು ಅಂತ ಗೊತ್ತಾಗ್ತಿತ್ತು. ಈಗ ಒಂದೊಂದ್ಸಲ ಮರೆತೇ ಹೋಗುತ್ತೆ."

ಅವಳು ಬೆಂಚಿನ ಆ ತುದಿಯಲ್ಲಿ ಕೂತಳು.

"ಮನೆಗೆ ಬಾರೋ. ರೊಟ್ಟಿ ಮಾಡ್ತೀನಿ ಭಾನುವಾರ."

"ಭಾನುವಾರವೇ ಜನ ಜಾಸ್ತಿ," ಅಂದ ಲೆನಾರ್ಟ್.

ಹೊಸ ಬಸ್ಸು ಅಂಗಳಕ್ಕೆ ಬಂತು. ಜನ ಇಳಿಯತೊಡಗಿದರು. ಫೋಟೋಕ್ಕೆ ಅಡ್ಡವಾಗುತ್ತೆ, ಸ್ವಲ್ಪ ಏಳಿ ಎಂದು ಮಾರ್ಗದರ್ಶಿ ಹುಡುಗಿ ಪಾವ್ಲಾಳಿಗೆ ವಿನಯದಿಂದ ಹೇಳಿದಳು. ಪಾವ್ಲಾ ಎದ್ದಳು. ಲೆನಾರ್ಟ್ ಟೋಪಿ ಸರಿಮಾಡಿಕೊಂಡು, ಮೊದಲು ಬಂದವರ ಕಡೆ ಚಮಚ ಚಾಚಿದ. ಅವಳು ಮಕ್ಕಳ ಬುತ್ತಿಯ ಬುಟ್ಟಿ ಎತ್ತಿಕೊಂಡು ಕೆರೆಯ ದಡದ ಕಡೆ ನಡೆದಳು.