ಎಡದಿಂದ ನಾಲ್ಕನೆಯವರು

ಯಾವ ಮನೆಯಲ್ಲಿ ಇಲ್ಲ ಹೇಳಿ, ಇಂಥದೊಂದು ಡಬ್ಬಿ? ಮಂಚದ ಕೆಳಗೋ ಬೀರುವಿನ ಮೇಲೋ ಇರುತ್ತದೆ. ಒಳಗೆ ಹಳೆಯ ಫೋಟೋಗಳು. ಮೀಸೆ ಬಿಟ್ಟ ಗಂಡಸರು, ದೊಡ್ಡ ಟೋಪಿಯ ಹೆಂಗಸರು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಮಕ್ಕಳು. ಇವರು ಯಾರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಹೋದರು.

ಪೆಲಿಕನ್ ಬೆಂಡ್ ಎಂಬ ಊರಿನ ಹೆಸ್ಟರಜ್ಜಿಯ ಮನೆಯಲ್ಲೂ ಅಂಥದೊಂದು ಬಿಸ್ಕತ್ತಿನ ಡಬ್ಬಿ ಇತ್ತು. ಅಜ್ಜಿಗೆ ಎಂಬತ್ತಮೂರು ವರ್ಷ. ಮರ್ರಿ ನದಿ ತಿರುಗುವ ಆ ಜಾಗಕ್ಕೆ ಇಪ್ಪತ್ತು ಸಂಸಾರಗಳು ಬಂದು, ನೆಲ ಒಂದೇ, ನೀರು ಒಂದೇ, ಅಡುಗೆಯೂ ಒಂದೇ ಅಂತ ಬೇಸಾಯ ಶುರುಮಾಡಿದಾಗ ಆಕೆ ಆರು ವರ್ಷದ ಹುಡುಗಿ. ಅವತ್ತು ಬಂದವರಲ್ಲಿ ಉಳಿದಿರುವುದು ಆಕೆ ಒಬ್ಬರೇ. ಸಾವಿರದ ಒಂಬೈನೂರ ಎಪ್ಪತ್ತೊಂದರ ನವೆಂಬರಿನಲ್ಲಿ ಆಕೆ ಮಗ ಕಾಲಿನ್‌ನ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾಯಿತು. ಅಲ್ಲಿ ಆಕೆಗೆ ಒಂದೇ ಕೋಣೆ. ಬೇಡದ್ದನ್ನೆಲ್ಲ ತೆಗೆದುಹಾಕಬೇಕಿತ್ತು.

ಪಕ್ಕದ ಮನೆಯ ಈನಿಡ್ ಒಂದು ಬೆಳಿಗ್ಗೆ ಒಳಗೆ ಬಂದಾಗ ಅಜ್ಜಿ ಒಲೆಯ ಮುಂದೆ ಕೂತಿದ್ದರು. ತೊಡೆಯ ಮೇಲೆ ಡಬ್ಬಿ, ಕೈಯಲ್ಲಿ ಒಂದು ಹಿಡಿ ಫೋಟೋ.

"ಅಯ್ಯೋ ಆಂಟಿ, ಏನು ಮಾಡ್ತಿದೀರಾ!"

"ಕಣ್ಣಿಗೆ ಕಾಣಲ್ವಾ? ಒಲೆ ಹಚ್ತಿದೀನಿ."

"ಫೋಟೋ ಹಾಕಿ ಯಾರಾದ್ರೂ ಒಲೆ ಹಚ್ತಾರಾ?"

"ಒಣಗಿರೋದು ಚೆನ್ನಾಗಿ ಉರಿಯುತ್ತೆ ಕಣೇ. ಇವರೆಲ್ಲ ಎಪ್ಪತ್ತು ವರ್ಷದಿಂದ ಒಣಗಿದಾರೆ."

ಈನಿಡ್‌ಗೆ ನಗುವೂ ಬಂತು, ಸಿಟ್ಟೂ ಬಂತು. ಊರ ಸಭಾಭವನದ ಪುಸ್ತಕದ ಕಪಾಟು ನೋಡಿಕೊಳ್ಳುವವಳು ಅವಳೇ. ಊರು ಹುಟ್ಟಿದ ಕತೆಯನ್ನು ಚಿತ್ರಗಳಲ್ಲಿ ಹೇಳಿ ಅಲ್ಲಿನ ಗೋಡೆಗೆ ಹಾಕಬೇಕೆಂದು ತಿಂಗಳಿನಿಂದ ಮನೆಮನೆ ಸುತ್ತುತ್ತಿದ್ದಳು. ಡಬ್ಬಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ಐವತ್ತಾರರ ನೆರೆಯಲ್ಲಿ ಸಭಾಭವನದ ಚಿತ್ರ ಎಲ್ಲಾ ನದಿ ಪಾಲಾಯ್ತು. ಈಗ ಊರಿಗೆಲ್ಲ ಇರೋದು ನಿಮ್ಮ ಡಬ್ಬಿ ಒಂದೇ ಆಂಟಿ."

"ಇದ್ರೆ ಏನೀಗ? ಸತ್ತವರ ಮೋರೆ ಗೋಡೆಗೆ ಹಾಕಿದ್ರೆ ಏಪ್ರಿಕಾಟ್ ಜಾಸ್ತಿ ಬಿಡುತ್ತಾ?"

"ಬಿಡಲ್ಲ. ಆದ್ರೆ ಹೋದ ವರ್ಷ ಷೆಡ್ಡಿಗೆ ಅಂತ ಪಾಯ ಅಗೆದಾಗ ನೆಲದಡಿ ಸೇರಿದ್ದ ಹಳೇ ಕಾಲುವೆಗೆ ಗುದ್ದಲಿ ಬಿದ್ದು ಅರ್ಧ ತೋಟ ಕೆರೆ ಆಯ್ತಲ್ಲ? ಕಾಲುವೆ ಎಲ್ಲಿ ಹಾದುಹೋಗಿತ್ತು ಅಂತ ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೋಡಿ, ಈ ಫೋಟೋದಲ್ಲಿ ಕಾಲುವೆ ಇದೆ, ಅದರ ಪಕ್ಕದ ನೀಲಗಿರಿ ಮರವೂ ಇದೆ. ಮರ ಇವತ್ತೂ ಅಲ್ಲೇ ನಿಂತಿದೆ."

ಅಜ್ಜಿ ಫೋಟೋ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ಬೆರಳಿಟ್ಟು ತೋರಿಸಿದರು.

"ಈ ಗುದ್ದಲಿ ಹಿಡಿದವನು ಬರ್ಟ್ ಟ್ರೆಜೈಸ್. ಫೋಟೋದವನು ಬಂದ ಅಂತ ಹಿಡಿದಿದ್ದು. ಅದಕ್ಕೆ ಮುಂಚೆ ಅವನು ಹಿಡಿದದ್ದನ್ನ ನಾನು ನೋಡಿಲ್ಲ. ಆಮೇಲೂ ನೋಡಿಲ್ಲ."

"ನೋಡಿದ್ರಾ? ಇದನ್ನ ನೀವಲ್ಲದೆ ಇನ್ಯಾರು ಹೇಳಬೇಕು? ಹೆಸರಿಲ್ಲದಿದ್ರೆ ಇದು ಬರೀ ರಟ್ಟು."

ಹೀಗೆ ಶುರುವಾಯಿತು. ಮರುದಿನದಿಂದ ಹೆಸ್ಟರಜ್ಜಿ ದಿನವೂ ಬೆಳಿಗ್ಗೆ ಸಭಾಭವನಕ್ಕೆ ಬಂದು ಕೂತರು. ಈನಿಡ್ ಕೈ ತೊಳೆದುಕೊಂಡು, ಫೋಟೋವನ್ನು ಗಟ್ಟಿ ಮೇಜಿನ ಮೇಲೆ ಕವುಚಿ ಹಾಕಿ, ಮೆತ್ತನೆಯ ಪೆನ್ಸಿಲಿನಿಂದ ಹಿಂಬದಿಯ ಅಂಚಿನಲ್ಲಿ ಹಗುರವಾಗಿ ಬರೆಯುತ್ತಿದ್ದಳು.

"ಪೆನ್ನಲ್ಲಿ ಬರೆದ್ರೆ ಏನಂತೆ?" ಅಜ್ಜಿ ಕೇಳಿದರು.

"ಶಾಯಿ ಹಿಂದಿನಿಂದ ಮುಂದಕ್ಕೆ ಇಳಿಯುತ್ತೆ ಆಂಟಿ. ಹತ್ತು ವರ್ಷ ಬಿಟ್ಟು ನೋಡಿದ್ರೆ ನಿಮ್ಮಮ್ಮನ ಕೆನ್ನೆ ಮೇಲೆ ನನ್ನ ಅಕ್ಷರ ಇರುತ್ತೆ."

ಮರಳುದಿಬ್ಬದ ಮೇಲೆ ಸಾಲಾಗಿ ನಿಂತ ಡೇರೆಗಳು. ಎಲ್ಲರಿಗೂ ಒಂದೇ ಅಡುಗೆಮನೆ, ಅದರ ಮುಂದೆ ತೂಗುಹಾಕಿದ ಗಂಟೆ. ಹೆಗಲಿಗೆ ಅಡ್ಡಕೋಲು ಹೊತ್ತು ನದಿಯಿಂದ ನೀರು ತರುವ ಹೆಂಗಸರು. ಮೊಣಕಾಲೆತ್ತರದ ನಿಂಬೆ ಸಸಿಗಳು. ಒಂದೊಂದಕ್ಕೂ ಅಜ್ಜಿ ಹೆಸರು ಹೇಳಿದರು. ಖಚಿತವಿಲ್ಲದ್ದಕ್ಕೆ "ಇರಬಹುದು ಅಂತ ಬರಿ" ಅಂದರು. ಒಂದೇ ಒಂದು ಚಿತ್ರವನ್ನು ಮಾತ್ರ ಆಕೆ ಮೊದಲ ದಿನವೇ ಡಬ್ಬಿಯಿಂದ ತೆಗೆದು ತಮ್ಮ ಏಪ್ರನ್ನಿನ ಜೇಬಿಗೆ ಹಾಕಿಕೊಂಡಿದ್ದರು. ಅದು ಈನಿಡ್‌ಗೆ ಗೊತ್ತಿರಲಿಲ್ಲ.

ಡಿಸೆಂಬರಿನ ಮೊದಲ ವಾರ ಒಂದು ಕಾಗದ ಬಂತು. ಹಳಬರು ಯಾರಾದರೂ ಇದ್ದರೆ ಬರೆಯಿರಿ ಎಂದು ಈನಿಡ್ ಪೇಪರಿನಲ್ಲಿ ಹಾಕಿಸಿದ್ದಳು. ಅದಕ್ಕೆ ಉತ್ತರ. ಅವಳು ಗಟ್ಟಿಯಾಗಿ ಓದಿದಳು.

"ನಾನು ಪೆಲಿಕನ್ ಬೆಂಡಿನಲ್ಲಿ ಹುಟ್ಟಿದೆನಂತೆ, ಸಾವಿರದ ಎಂಟುನೂರ ತೊಂಬತ್ತಾರನೇ ಇಸವಿಯಲ್ಲಿ. ಎಂಟು ದಿನದ ಕೂಸಾಗಿದ್ದಾಗ ನಮ್ಮನ್ನು ಅಲ್ಲಿಂದ ಹೊರಗೆ ಹಾಕಿದರಂತೆ. ನನ್ನ ಅಪ್ಪ ಸೈಲಸ್ ಡ್ರೂ, ನದಿಯ ನೀರೆತ್ತುವ ಪಂಪಿನ ಉಗಿ ಎಂಜಿನ್ ನೋಡಿಕೊಳ್ಳುತ್ತಿದ್ದವರು. ಅವರ ಪ್ರಾಯದ ದಿನಗಳ ಚಿತ್ರ ನನ್ನ ಹತ್ತಿರ ಒಂದೂ ಇಲ್ಲ. ನಿಮ್ಮಲ್ಲಿ ಇದ್ದರೆ ನೋಡುವ ಆಸೆ. ಥಿರ್ಜಾ."

ಈನಿಡ್ ಕಾಗದ ಮಡಚಿದಳು. "ಸೈಲಸ್ ಡ್ರೂ ಅಂದ್ರೆ ಬಾಯ್ಲರ್ ಸುಟ್ಟವನು ಅಲ್ವಾ? ನಮ್ಮಜ್ಜ ಹೇಳ್ತಿದ್ರು. ನೀರು ನೋಡದೆ ಹೊರಟುಹೋದ, ಬಾಯ್ಲರ್ ಬಿರುಕು ಬಿಡ್ತು, ಆ ಬೇಸಿಗೆ ಸಸಿ ಅಷ್ಟೂ ಒಣಗಿಹೋದ್ವು ಅಂತ."

"ಹಾಗಂತಾರೆ," ಅಂದರು ಅಜ್ಜಿ. ಟೋಪಿ ತೆಗೆದುಕೊಂಡು ಎದ್ದುಹೋದರು.

ಆಮೇಲೆ ಎರಡು ವಾರ ಆಕೆ ಸಭಾಭವನದ ಕಡೆ ತಲೆಹಾಕಲಿಲ್ಲ. ಏಪ್ರಿಕಾಟ್ ಹಣ್ಣಿನ ಕೆಲಸ ಅಂತ ನೆಪ. ನೆಪ ಪೂರ್ತಿ ಸುಳ್ಳೂ ಅಲ್ಲ. ಕಾಲಿನ್‌ನ ಷೆಡ್ಡಿನಲ್ಲಿ ಸೊಸೆ ಲೋರ್ನಾ ಜೊತೆ ಕೂತು ಹಣ್ಣು ಸೀಳಿ, ಬೀಜ ತೆಗೆದು, ಹೋಳುಗಳನ್ನು ಮರದ ಟ್ರೇಯಲ್ಲಿ ಜೋಡಿಸುವುದು. ಆ ಕೆಲಸದಲ್ಲಿ ಅಜ್ಜಿಯ ಕೈ ಯಾವತ್ತೂ ತಡವರಿಸಿದ್ದಿಲ್ಲ. ಒಂದು ದಿನ ಚಾಕು ಬೆರಳಿಗೆ ತಾಗಿತು.

"ಏನಾಗಿದೆ ಅತ್ತೆ ನಿಮಗೆ?" ಲೋರ್ನಾ ಬಟ್ಟೆ ಸುತ್ತುತ್ತ ಕೇಳಿದಳು. "ಊಟ ಸರಿಯಿಲ್ಲ, ಮಾತಿಲ್ಲ. ಈನಿಡ್ ಜೊತೆ ಜಗಳಾನಾ?"

ಅಜ್ಜಿ ಜೇಬಿನಿಂದ ಆ ಚಿತ್ರ ತೆಗೆದು ಟ್ರೇಯ ಅಂಚಿನ ಮೇಲಿಟ್ಟರು. ಪಂಪು ಶುರುವಾದ ದಿನದ್ದು. ದೊಡ್ಡ ಎಂಜಿನ್‌ನ ಮುಂದೆ ಹನ್ನೊಂದು ಗಂಡಸರು. ಎಡದಿಂದ ನಾಲ್ಕನೆಯವನಿಗೆ ಮುಖವಿಲ್ಲ. ಪಿನ್ನಿನಿಂದ ಕೆರೆದು ಬೆಳ್ಳಗಾಗಿತ್ತು.

ಆ ಹೊತ್ತಿಗೆ ಕಾಲಿನ್ ಖಾಲಿ ಟ್ರೇಗಳನ್ನು ಹೊತ್ತು ಒಳಗೆ ಬಂದ. ಬಗ್ಗಿ ನೋಡಿದ. "ಇದು ತಾತ ಕೆರೆದಿದ್ದಲ್ವಾ? ಆ ಡ್ರೂ ಅನ್ನೋನ ಮೇಲಿನ ಸಿಟ್ಟಿಗೆ?"

"ಅಪ್ಪ ಕೆರೆದಿದ್ದು ಅಂತ ಅಮ್ಮ ಅಂದ್ಕೊಂಡಿದ್ಲು. ಅಮ್ಮ ಕೆರೆದಿದ್ದು ಅಂತ ಅಪ್ಪ ಅಂದ್ಕೊಂಡಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕೇಳಲೇ ಇಲ್ಲ," ಅಂದರು ಅಜ್ಜಿ. "ಕೆರೆದಿದ್ದು ನಾನು. ಎಂಟು ವರ್ಷ ನನಗೆ."

ಮತ್ತೆ ಆಕೆಯೇ ಹೇಳಿದರು, ಹಣ್ಣಿನ ರಾಶಿಯನ್ನು ನೋಡುತ್ತ.

ಅವತ್ತು ಸೈಲಸ್‌ನ ಹೆಂಡತಿಗೆ ಹೆರಿಗೆ ನೋವು ಬಂದಿತ್ತು. ಸೈಲಸ್ ಓಡಿ ಬಂದು, ಬಾಯ್ಲರಿನ ನೀರು ನೋಡ್ತಿರಿ ಅಂತ ಅಜ್ಜಿಯ ಅಪ್ಪ ಜೇಬೆಜ್ ರಂಡಲ್‌ಗೆ ಒಪ್ಪಿಸಿ ಡೇರೆಗೆ ಹೋದ. ಜೇಬೆಜ್ ಊರಿನ ಅಧ್ಯಕ್ಷ. ಮಧ್ಯಾಹ್ನ ಹುಡುಗಿ ಹೆಸ್ಟರ್ ಅಪ್ಪನಿಗೆ ಬುತ್ತಿ ತಗೊಂಡು ಪಂಪಿನ ಹತ್ತಿರ ಹೋದಳು. ಅಪ್ಪ ಮರದ ನೆರಳಲ್ಲಿ ಮುಖದ ಮೇಲೆ ಟೋಪಿ ಹಾಕಿಕೊಂಡು ಮಲಗಿದ್ದ. ಎಂಜಿನ್ ಬುಸ್ ಬುಸ್ ಅನ್ನುತ್ತಿತ್ತು. ಮೂರು ದಿನದಿಂದ ಕಾಲುವೆ ಕೆಲಸ ಮಾಡಿ ದಣಿದಿದ್ದ ಅಪ್ಪ. ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ. ಬುತ್ತಿ ಪಕ್ಕದಲ್ಲಿಟ್ಟು ಬಂದಳು. ಅವಳು ಅಡುಗೆಮನೆ ಮುಟ್ಟುವುದರೊಳಗೆ ಬಾಯ್ಲರ್ ಬಿರಿದ ಸದ್ದು ಕೇಳಿಸಿತು.

"ಸಭೆ ಸೇರ್ತು. ಸೈಲಸ್ ಇದ್ದದ್ದನ್ನ ಇದ್ದ ಹಾಗೇ ಹೇಳಿದ. ಅಪ್ಪ ಎದ್ದು, ನನಗೆ ಯಾರೂ ಏನೂ ಒಪ್ಪಿಸಿಲ್ಲ ಅಂದ. ಅಪ್ಪನ ಮಾತಿಗೆ ಎದುರು ಹೇಳೋರು ಯಾರಿದ್ರು? ಬುತ್ತಿ ತಗೊಂಡು ಪಂಪಿನ ಕಡೆ ಹೋಗೋವಾಗ ಸೈಲಸ್ ನನ್ನನ್ನ ದಾರೀಲಿ ನೋಡಿದ್ದ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದ. ಬಯ್ಯಲಿಲ್ಲ. ಸುಮ್ನೆ ನೋಡಿದ. ನಾನು ನೆಲ ನೋಡ್ದೆ. ಎಲ್ಲರೂ ಕೈ ಎತ್ತಿದ್ರು, ಅವರನ್ನ ಕಳಿಸಿಬಿಟ್ರು. ಆಮೇಲೆ ಈ ಚಿತ್ರ ನಮ್ಮ ಗೋಡೆ ಮೇಲಿತ್ತಲ್ಲ, ಇದರಲ್ಲೂ ಅವನು ಹಾಗೇ ನೋಡ್ತಿದ್ದ. ಅಮ್ಮನ ಟೋಪಿ ಪಿನ್ನು ತಗೊಂಡೆ."

ಲೋರ್ನಾ ಕೈಯಲ್ಲಿದ್ದ ಹಣ್ಣನ್ನು ಸೀಳದೆ ಹಾಗೇ ಹಿಡಿದಿದ್ದಳು.

ಕಾಲಿನ್ ಮೊದಲು ಬಾಯಿ ತೆರೆದ. "ಅಮ್ಮಾ, ಅಂಗಡಿ ಬೀದಿಗೆ ತಾತನ ಹೆಸರಿದೆ. ರಂಡಲ್ ರಸ್ತೆ. ಇದನ್ನೆಲ್ಲ ಈಗ ಕೆದಕಿ ಯಾರಿಗೆ ಏನು ಸಿಗುತ್ತೆ? ಆ ಹೆಂಗಸಿಗೆ ಚಿತ್ರ ಇಲ್ಲ ಅಂತ ಬರೆಸಿಬಿಡು. ಮುಖಾನೇ ಇಲ್ಲದ ಮೇಲೆ ಅದು ಸುಳ್ಳೂ ಆಗಲ್ಲ."

"ಹಾಗೇ ಎಪ್ಪತ್ತೈದು ವರ್ಷ ತಳ್ಳಿದೀನಿ ಕಾಲಿನ್. ನೀನೂ ತಳ್ತೀಯಾ?"

"ತಾತ ಒಳ್ಳೆಯವರು. ನನಗೆ ಈಜು ಕಲಿಸಿದವರು ಅವರು."

"ಅಲ್ಲ ಅಂತ ನಾನೆಲ್ಲಿ ಅಂದೆ?"

ಲೋರ್ನಾ ಹಣ್ಣು ಸೀಳಿ ಟ್ರೇಯಲ್ಲಿಟ್ಟಳು. "ಕಾಲುವೆ ತೋಡಿಸಿದ್ದೂ ತಾತಾನೇ, ಅವತ್ತು ನಿದ್ದೆ ಹೋದದ್ದೂ ತಾತಾನೇ. ಒಂದನ್ನ ಬರೆದು ಇನ್ನೊಂದನ್ನ ಬಿಟ್ರೆ ಅದು ತಾತ ಅಲ್ಲ ರೀ, ರಸ್ತೆ ಹಲಗೆ."

ಕಾಲಿನ್ ತುಂಬಿದ ಟ್ರೇಗಳನ್ನು ಎತ್ತಿಕೊಂಡು ಹಣ್ಣು ಕೆಡದಂತೆ ಗಂಧಕದ ಹೊಗೆ ಕೊಡುವ ಕೋಣೆಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದವನು ತೊಟ್ಟಿಯ ನೀರಿನಲ್ಲಿ ಕೈ ತೊಳೆದು, ಅಂಗಿಗೆ ಒರೆಸಿಕೊಂಡ.

"ಪೆನ್ಸಿಲಲ್ಲೇ ಬರೀಬೇಕಂತಾ?"

"ಹೂಂ. ಮೆತ್ತನೇ ಪೆನ್ಸಿಲು."

"ಕೊಡು ಇಲ್ಲಿ. ನಿನ್ನ ಬೆರಳಿಗೆ ಬಟ್ಟೆ ಸುತ್ತಿದೆ. ನೀನು ಹೇಳು, ನಾನು ಬರೀತೀನಿ."

ಹನ್ನೊಂದು ಹೆಸರನ್ನೂ ಅವನು ಬರೆದ. ಸೈಲಸ್ ಡ್ರೂ ಅವರ ಹೆಸರಿನ ಮುಂದೆ, ಬಾಯ್ಲರ್ ಕೆಟ್ಟದ್ದು ಇವರ ತಪ್ಪಿನಿಂದಲ್ಲ, ಅವತ್ತು ನೋಡಿಕೊಳ್ಳಬೇಕಾಗಿದ್ದವರು ಜೇಬೆಜ್ ರಂಡಲ್, ಎಂದು ಬರೆದ. ಮುಖ ಕೆರೆದದ್ದು ಯಾರು ಎಂಬುದನ್ನೂ ಅಜ್ಜಿ ಬರೆಸಿದರು. "ಅದು ಬೇಡ ಅಮ್ಮ" ಅಂದದ್ದಕ್ಕೆ, "ಬರಿಯೋ" ಅಂದರು.

ಈನಿಡ್ ಬರೆದ ಉತ್ತರ ತಲುಪಿ, ಫೆಬ್ರವರಿಯಲ್ಲಿ ಥಿರ್ಜಾ ಬಸ್ಸಿನಲ್ಲಿ ಬಂದಿಳಿದರು. ಸಣ್ಣ ಮೈಕಟ್ಟಿನ, ನೆಟ್ಟಗೆ ನಿಲ್ಲುವ ಹೆಂಗಸು. ಸಭಾಭವನದ ಗೋಡೆಯ ಮೇಲಿನ ಚಿತ್ರವನ್ನು ನೋಡಿದರು, ಹಿಂಬದಿಯ ಬರಹವನ್ನು ಈನಿಡ್ ನಕಲು ಮಾಡಿ ಕೆಳಗೆ ಹಾಕಿದ್ದ ಹಾಳೆಯನ್ನು ಎರಡು ಸಲ ಓದಿದರು. ಮುಖವಿರಬೇಕಾದ ಬಿಳಿ ಜಾಗದಿಂದ ಅವರ ದೃಷ್ಟಿ ಕೆಳಗಿಳಿಯಿತು.

"ಕೈ ಇದೆ. ಹೆಬ್ಬೆರಳು ಒಳಗೆ ಮಡಚಿಕೊಂಡೇ ನಿಲ್ತಿದ್ರು ಅಪ್ಪ."

ಹೆಸ್ಟರಜ್ಜಿ ಎದ್ದು ನಿಂತರು. "ನಾನು ಅಪ್ಪನ್ನ ಎಬ್ಬಿಸಬಹುದಿತ್ತು, ಎಬ್ಬಿಸಲಿಲ್ಲ. ಸಭೆಯಲ್ಲಿ ಹೇಳಬಹುದಿತ್ತು, ಹೇಳಲಿಲ್ಲ."

"ನಿಮಗೆ ಎಂಟು ವರ್ಷ." ಥಿರ್ಜಾ ಅವರ ಕಡೆ ತಿರುಗಿ ಹೇಳಿದರು, "ಆದ್ರೆ ಆಮೇಲೆ ಇಪ್ಪತ್ತಾಯ್ತು. ನಲವತ್ತೂ ಆಯ್ತು."

"ಆಯ್ತು."

"ಅಪ್ಪ ನಲವತ್ತೊಂದನೇ ಇಸವಿವರೆಗೂ ಬದುಕಿದ್ರು. ಒಂದು ಕಾಗದ ಸಾಕಾಗ್ತಿತ್ತು."

ಈನಿಡ್ ಏನೋ ಸಮಾಧಾನ ಹೇಳಲು ಹೋದಳು. ಲೋರ್ನಾ ಅವಳ ತೋಳು ಹಿಡಿದು ತಡೆದಳು.

ಕೊನೆಗೆ ಥಿರ್ಜಾ ಅವರೇ ಕೇಳಿದರು. "ನಾನು ಹುಟ್ಟಿದ ಡೇರೆ ಎಲ್ಲಿತ್ತು ಅಂತ ಯಾರಿಗಾದ್ರೂ ಗೊತ್ತಾ? ಅಮ್ಮ ಹೇಳೋಳು, ಮರಳು ಇತ್ತು, ನದಿ ಕಾಣ್ತಿತ್ತು ಅಂತ. ಅಷ್ಟೇ ನನಗೆ ಗೊತ್ತಿರೋದು."

"ನನಗೆ ಗೊತ್ತು. ಬನ್ನಿ," ಅಂದರು ಹೆಸ್ಟರಜ್ಜಿ.

ಇಬ್ಬರೂ ಕಿತ್ತಳೆ ಮರಗಳ ಸಾಲಿನ ನಡುವೆ ಮೆಲ್ಲಗೆ ನಡೆದರು. ಕಾಲಿನ್ ನಾಲ್ಕು ಹೆಜ್ಜೆ ಹಿಂದೆ ಬಂದ. ದಿಬ್ಬದ ಮೇಲೆ ಅಜ್ಜಿ ನದಿಯನ್ನೊಮ್ಮೆ ನೋಡಿ, ಎಡಕ್ಕೆ ಎರಡು ಹೆಜ್ಜೆ ಸರಿದು ನಿಂತರು.

"ಇಲ್ಲಿ. ಬಾಗಿಲು ನೀರಿನ ಕಡೆಗಿತ್ತು. ಬಾಯ್ಲರ್ ಸದ್ದಿಗೆ ಎಲ್ಲರೂ ಆ ಕಡೆ ಓಡಿದ್ರು, ನಾನು ಈ ಕಡೆ ಓಡಿಬಂದೆ. ಆಗಲೇ ನೀವು ಅಳೋದು ಕೇಳಿಸಿದ್ದು. ದೊಡ್ಡ ಗಂಟಲು ನಿಮ್ಮದು."

ಥಿರ್ಜಾ ಟೋಪಿ ತೆಗೆದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನದಿಯ ಕಡೆ ಮುಖಮಾಡಿ ನಿಂತರು, ಬಸ್ಸಿನ ಹೊತ್ತಾಗುವವರೆಗೂ. ಹೊರಡುವಾಗ ಮಾತ್ರ ಹೆಸ್ಟರಜ್ಜಿಯ ತೋಳು ಹಿಡಿದು ದಿಬ್ಬ ಇಳಿದರು.

ರಂಡಲ್ ರಸ್ತೆ ಇವತ್ತೂ ರಂಡಲ್ ರಸ್ತೆಯೇ. ಹೆಸರು ಬದಲಿಸಿ ಎಂದು ಯಾರೂ ಕೇಳಲಿಲ್ಲ, ಥಿರ್ಜಾ ಕೂಡ.

ಓದುತ್ತಿರುವವರೇ, ಕೇಳುತ್ತಿರುವವರೇ, ಈ ವಾರವೇ ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಿ. ಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಎಡದಿಂದ ಬಲಕ್ಕೆ ಹೆಸರು ಕೇಳಿ. ಎಲ್ಲಿ ತೆಗೆದದ್ದು, ಸುಮಾರು ಯಾವ ವರ್ಷ, ತೆಗೆದವರು ಯಾರು ಎಂಬುದನ್ನೂ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಗೋಂದು, ಟೇಪು ಹಚ್ಚಬೇಡಿ. ಊರಿನವರು ಕೇಳಿದರೆ ಪ್ರತಿ ತೆಗೆದುಕೊಳ್ಳಲು ಕೊಡಿ, ಮೂಲವನ್ನು ಮರಳಿ ಪಡೆಯಿರಿ. ಯಾವುದಾದರೂ ಚಿತ್ರವನ್ನು ನೋಡಿ ಅವರು "ಇದು ಬೇಡ ಬಿಡು" ಅಂದರೆ ಬಲವಂತ ಮಾಡಬೇಡಿ. ಒಂದು ಲೋಟ ಚಹಾ ಮಾಡಿಕೊಡಿ, ನಾಳೆ ಮತ್ತೆ ಕುಳಿತುಕೊಳ್ಳಿ. ಆದರೆ ನಾಳೆಯೇ ಕುಳಿತುಕೊಳ್ಳಿ. ಮುಂದಿನ ವರ್ಷ ಎನ್ನಬೇಡಿ.