ಕೊನೆಯ ಹನ್ನೊಂದು ಪುಟ

ಆ ಕಾದಂಬರಿ ಹಿಡಿದ ಮೇಲೆ ಗಿರಿಜಾಂಬಿಕೆಗೆ ಮನೆಗೆ ಬಂದುಹೋಗುವ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ತಲೆ ಮೇಲೆ ಕೂತಿದೆ, ಹುಡುಗಿ ವಿಜ್ಞಾನದ ಪುಸ್ತಕ ಮೂಲೆಗೆ ತಳ್ಳಿ ಇದನ್ನು ಓದುತ್ತಿದ್ದಾಳೆ. ರಟ್ಟಿನ ಮೇಲೆ ಕೆಂಪು ಟೆಲಿಫೋನು, ಪಕ್ಕದಲ್ಲಿ ಕೈಗವಸು ತೊಟ್ಟ ಒಂದು ಕೈ. ಒಳಗೆ ಮುಖ್ಯಮಂತ್ರಿಯಾಗಲು ಹೊರಟ ಒಬ್ಬ ಹೆಂಗಸು, ಅವಳನ್ನು ಮುಗಿಸಲು ಹೊಂಚು ಹಾಕಿದ ನಾಲ್ಕು ಜನ. ಆ ನಾಲ್ವರು ಯಾರು ಅಂತ ಬರೆದ ಮಹಾಶಯ ಇನ್ನೂರು ಪುಟವಾದರೂ ಬಾಯಿ ಬಿಟ್ಟಿರಲಿಲ್ಲ.

ಓದಿ ಸುಮ್ಮನಿರಬಹುದಿತ್ತು. ಆದರೆ ಅದೇ ಹೊತ್ತಿಗೆ ಅವಳ ಅವ್ವ ಸಿದ್ದಗಂಗಮ್ಮನೂ ಚುನಾವಣೆಗೆ ನಿಂತಿದ್ದಳು. ಎಂಬತ್ತೇಳನೇ ಇಸವಿ, ಮಂಡಲ ಪಂಚಾಯ್ತಿಗೆ ಮೊದಲ ಓಟು, ಹೆಂಗಸರಿಗೂ ಮೀಸಲು ಸೀಟು. ಊರಿನ ಯಜಮಾನ ಹುಚ್ಚರಂಗಯ್ಯ ತನ್ನ ಸೊಸೆಯ ಹೆಸರು ಕೊಟ್ಟಿದ್ದ. ಅವನ ಎದುರು ಸಿದ್ದಗಂಗಮ್ಮನನ್ನು ನಿಲ್ಲಿಸಿದವನು ಅವಳ ಗಂಡ ಪರಮಶಿವಯ್ಯ. ಸುಮ್ಮನೆ ಹೆಸರಿಗೆ ಅಂತ. ಅವಳೇನು ಹೆಸರಿಗೆ ನಿಲ್ಲುವ ಹೆಂಗಸೇ? ಕೆಳಗಿನ ಕೇರಿಯವರು ಕುಡಿಯುವ ನೀರಿಗೆ ಮೈಲಿ ದೂರದ ಕಟ್ಟೆಗೆ ಹೋಗುವುದನ್ನು ಮದುವೆಯಾಗಿ ಬಂದಾಗಿನಿಂದ ನೋಡಿದ್ದಳು. ನೆರೆಮನೆಯ ರಂಗಕ್ಕನನ್ನು ಜೊತೆಗಿಟ್ಟುಕೊಂಡು ಆ ಕೇರಿಯ ನಲವತ್ತು ಮನೆಗೂ ಹೋಗಿ ಬಂದಳು. "ನನ್ನ ಗೆಲ್ಸಿ, ಬೋರ್‌ವೆಲ್ ಹಾಕಿಸ್ತೀನಿ. ಹಾಕಿಸ್ದಿದ್ರೆ ನನ್ ಮುಖ ನೋಡ್ಬ್ಯಾಡಿ" ಎಂದು ಬಾಯಿಮಾತು ಕೊಟ್ಟಳು. ಇಷ್ಟು ವರ್ಷದಲ್ಲಿ ಅವ್ವ ಏನನ್ನಾದರೂ ಇಷ್ಟು ಬಯಸಿದ್ದನ್ನು ಗಿರಿಜೆ ಕಂಡಿರಲಿಲ್ಲ.

ಅದಕ್ಕೇ ಅವ್ವನಿಗೆ ಯಾರಾದರೂ ಏನಾದರೂ ಮಾಡಿಯಾರೆಂದು ಅವಳಿಗೆ ಭಯ. ಕಾದಂಬರಿಯ ಹೆಂಗಸಿಗೆ ಎಳನೀರಿನಲ್ಲಿ ವಿಷ ಹಾಕಲು ಸಂಚು ಹೂಡಿರುತ್ತಾರೆ, ಕಾಯಿಯ ಕಣ್ಣಿಗೆ ಸೂಜಿ ಚುಚ್ಚಿ. ಅದನ್ನು ಓದಿ ಗಿರಿಜೆಗೆ ನಗು ಬಂದಿತ್ತು. ಎಳನೀರಿನ ಕಣ್ಣು ಸಿಪ್ಪೆಯ ಒಳಗಿರುತ್ತೆ ಅನ್ನುವಷ್ಟೂ ಗೊತ್ತಿಲ್ಲದ ಈ ಬರಹಗಾರ ತೆಂಗಿನ ಮರವನ್ನಾದರೂ ನೋಡಿದ್ದಾನೋ ಇಲ್ಲವೋ. ನಕ್ಕದ್ದೇನೋ ನಕ್ಕಳು, ಭಯ ಮಾತ್ರ ಹೋಗಲಿಲ್ಲ. ಬಿಸಿಲಲ್ಲಿ ತಿರುಗಿ ಬಂದ ಅವ್ವನಿಗೆಂದು ರಂಗಕ್ಕ ದಿನಾ ಎರಡು ಎಳನೀರು ತರುತ್ತಿದ್ದಳು. ನಮ್ಮ ಸೀಮೆಯಲ್ಲಿ ಕೊಬ್ಬರಿಗೆ ಬಿಡುವ ಕಾಯನ್ನು ಎಳಸಿನಲ್ಲೇ ಕೀಳಲು ಯಾರಿಗೆ ಮನಸ್ಸು ಬರುತ್ತದೆ? ಹಸುಗೂಸಿಗೆ ಜ್ವರ ಬಂದರೂ ಹಿಂದುಮುಂದು ನೋಡುತ್ತಾರೆ. ಇವಳಿಗೇಕೆ ಇಷ್ಟು ಧಾರಾಳ? ಅದೂ ಅಲ್ಲದೆ ರಂಗಕ್ಕನ ತವರಿಗೂ ಹುಚ್ಚರಂಗಯ್ಯನ ಮನೆಗೂ ದೂರದ ನಂಟು. ಕಾದಂಬರಿಯ ಲೆಕ್ಕದಲ್ಲಿ ಅನುಮಾನಕ್ಕೆ ಅಷ್ಟು ಸಾಕಾಗಿತ್ತು.

ದಿನಾ ಕೆತ್ತಿದ ಎಳನೀರನ್ನು ಗಿರಿಜೆ ಕಸಿದುಕೊಂಡು ಮೊದಲು ತಾನು ಎರಡು ಗುಟುಕು ಕುಡಿದು, ಸ್ವಲ್ಪ ಹೊತ್ತು ಕಾದು, ತನಗೇನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಅವ್ವನಿಗೆ ಕೊಡುತ್ತಿದ್ದಳು.

"ನಿನ್ ಮಗಳಿಗೆ ನಾಲಿಗೆ ಚಪಲ ಜಾಸ್ತಿ ಆಯ್ತು ಕಣವ್ವ. ನಾಳಿಂದ ಮೂರು ತತ್ತೀನಿ ಬುಡು" ಎಂದು ರಂಗಕ್ಕ ನಕ್ಕಳು. ಆ ನಗುವಿನ ಮೇಲೂ ಗಿರಿಜೆ ಒಂದು ಕಣ್ಣಿಟ್ಟಳು.

ನಾಮಪತ್ರ ವಾಪಸ್ಸು ಪಡೆಯುವ ಕೊನೆಯ ದಿನ ಬಂತು. ಆವತ್ತು ಮೂರು ಗಂಟೆಯ ಮೇಲೆ ಉಳಿದವರಿಗೆಲ್ಲ ಚುನಾವಣೆಯ ಗುರುತು ಹಂಚುವುದಿತ್ತು. ಬೆಳಿಗ್ಗೆ ಗಿರಿಜೆಗೆ ಓದಲು ಉಳಿದದ್ದು ಹನ್ನೊಂದೇ ಪುಟ. ಜಗುಲಿಯಲ್ಲಿ ಕೂತು ಹಾಳೆ ತಿರುಗಿಸುತ್ತಿದ್ದಾಗ ಅಪ್ಪ ತುರುವೇಕೆರೆಯ ತಾಲ್ಲೂಕು ಕಛೇರಿಗೆ ಹೊರಟು ನಿಂತು, ಒಂದು ಕಾಗದವನ್ನೂ ಇಂಕು ಪ್ಯಾಡನ್ನೂ ಅವ್ವನ ಮುಂದಿಟ್ಟ.

"ಗುರುತಿಗೆ ಅರ್ಜಿ ಕಣೇ. ಒಂದು ಹೆಬ್ಬೆಟ್ಟು ಒತ್ತು, ಬಸ್ಸಿಗೆ ಹೊತ್ತಾಯ್ತು."

ಸಿದ್ದಗಂಗಮ್ಮನಿಗೆ ಅಕ್ಷರ ಬರದು. ಮಗಳು ಓದು ಕಲಿತ ಮೇಲೆ, ಅವಳು ಓದಿ ಹೇಳದ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿದ್ದೇ ಇಲ್ಲ. "ಗಿರಿಜೀ, ಇದೇನು ಓದ್ಹೇಳೇ" ಎಂದಳು.

ಅಪ್ಪ ಕಾಗದವನ್ನು ಮಗಳ ಮುಖದ ಮುಂದೆ ಹಿಡಿದ. ಮೇಲಿನ ಸಾಲಿನ ಮೇಲೆ ಅವನ ಬೆರಳಿತ್ತು. ಕೆಳಗೆ ಅವ್ವನ ಹೆಸರು, ಊರಿನ ಹೆಸರು, ಒತ್ತೊತ್ತಾದ ಅಚ್ಚಿನ ಅಕ್ಷರ. ಅದೇ ಹೊತ್ತಿಗೆ ರಂಗಕ್ಕ ಎಳನೀರು ಹಿಡಿದು ಬೇಲಿ ದಾಟಿ ಬರುತ್ತಿದ್ದಳು. ಇತ್ತ ಕಾದಂಬರಿಯಲ್ಲಿ ಆ ಹೆಂಗಸು ಎಳನೀರನ್ನು ಬಾಯಿಗೆ ಹಿಡಿದಿದ್ದಾಳೆ. "ಸರಿಯಾಗೇ ಅದೆ, ಒತ್ತವ್ವ" ಎಂದು ಗಿರಿಜೆ ರಂಗಕ್ಕನ ಕಡೆ ಓಡಿದಳು.

ಮಧ್ಯಾಹ್ನ ಪುಸ್ತಕ ಮುಗಿಯಿತು. ಆ ನಾಲ್ವರನ್ನು ಛೂ ಬಿಟ್ಟವನು ಯಾರೋ ಪರದೇಶದಿಂದ ಬಂದ ಸೆಕ್ರೆಟರಿಯಂತೆ. ಇಷ್ಟಕ್ಕೆ ಇಷ್ಟು ದಿನ ನನ್ನ ಪ್ರಾಣ ತಿಂದನಲ್ಲ ಎಂದು ಅವಳಿಗೆ ರೇಗಿತು. ರಂಗಕ್ಕನನ್ನು ಸುಮ್ಮನೆ ಅನುಮಾನಿಸಿದೆನೆಂದು ನಾಚಿಕೆಯೂ ಆಯಿತು.

ಸಂಜೆ ಆ ರಂಗಕ್ಕನೇ ಬಂದಳು, ಬರಿಗೈಯಲ್ಲಿ. ತುರುವೇಕೆರೆಗೆ ಹೋಗಿದ್ದ ಅವಳ ಮೈದುನ ಆಗಷ್ಟೇ ಊರಿಗೆ ಬಂದಿದ್ದ.

"ಕಛೇರಿ ಬೋರ್ಡಲ್ಲಿ ಹುಚ್ಚರಂಗಯ್ಯನ ಸೊಸೆ ಹೆಸರು ಒಂದೇ ಅದಂತೆ. ಅವಿರೋಧವಂತೆ. ನೀನು ಹೆಬ್ಬೆಟ್ಟು ಒತ್ತಿ ವಾಪಸ್ ತಗಂಡ್ಯಂತೆ. ನನಗೊಂದ್ ಮಾತು ಹೇಳಿದ್ರೆ ಆಗ್ತಿತ್ತು ಕಣವ್ವ. ನಲವತ್ತು ಮನೆ ಬಾಗಿಲಿಗೆ ನನ್ನೂ ಕರ್ಕಂಡ್ ಹೋಗಿದ್ದೆಯಲ್ಲ. ಗಂಡ ಹೆಂಡ್ತಿ ಸೇರಿ ಮಾರ್ಕಂಡ್ರು ಅಂತಾವ್ರೆ ಕೇರೀಲಿ."

ರಂಗಕ್ಕ ಉತ್ತರಕ್ಕೆ ಕಾಯದೆ ತಿರುಗಿ ನಡೆದಳು. ಅಷ್ಟರಲ್ಲಿ ಬಸ್ಸಿಳಿದು ಬಂದ ಪರಮಶಿವಯ್ಯ ಹೆಂಡತಿಯ ಮುಖ ನೋಡದೆ ಚಪ್ಪಲಿ ಬಿಟ್ಟ.

"ಊರು ಒಂದಾಗಿರ್ಲಿ ಅಂತ ಕಣೇ. ಹುಚ್ಚರಂಗಯ್ಯ ಸೊಸೈಟಿಗೆ ನನ್ನನ್ನೇ ಡೈರೆಕ್ಟರ್ ಮಾಡ್ತೀನಿ ಅಂದವ್ನೆ. ನೀರು ಗೀರು ಎಲ್ಲ ಆಮೇಲೆ ನೋಡನ."

ಬೆಳಿಗ್ಗೆ ಅಪ್ಪ ಹಿಡಿದ ಕಾಗದ ಯಾವುದೆಂದು ಗಿರಿಜೆಗೆ ಈಗ ಗೊತ್ತಾಯಿತು. ಅವ್ವ ಗಂಡನನ್ನು ಬಿಟ್ಟು ಮಗಳ ಕಡೆ ತಿರುಗಿದಳು.

"ನೀನು ಓದಿದ್ಯಲ್ಲ?"

ಓದಿದೆ, ಅರ್ಥವಾಗಲಿಲ್ಲ ಎನ್ನಬಹುದಿತ್ತು. ಅಪ್ಪ ಮೋಸ ಮಾಡಿದ ಎಂದು ಅವನ ತಲೆಗೇ ಕಟ್ಟಬಹುದಿತ್ತು. ಆದರೆ ಅವ್ವನ ಕಣ್ಣಿನಲ್ಲಿದ್ದ ಭಯವೇ ಬೇರೆ: ಮಗಳೂ ಅಪ್ಪನ ಜೊತೆ ಸೇರಿಕೊಂಡಳೇ ಎಂಬ ಭಯ.

"ಇಲ್ಲ ಕಣವ್ವ. ಓದ್ನಿಲ್ಲ. ಓದ್ದೇ ಸರಿಯಾಗೇ ಅದೆ ಅಂದೆ."

ಸಿದ್ದಗಂಗಮ್ಮ ಕಂಬಕ್ಕೆ ಒರಗಿ ಕೂತಳು. ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಗಿರಿಜೆಗೆ ಎಷ್ಟೋ ಮೇಲಾಗುತ್ತಿತ್ತು.

"ನಿಮ್ಮಪ್ಪನ ಮಾತು ನಾನು ಯಾವತ್ತೂ ಪೂರ್ತಿ ನಂಬ್ದೋಳಲ್ಲ" ಎಂದಳು ಮೆಲ್ಲಗೆ. "ನೀನು ಒತ್ತು ಅಂದೆ ಅಂತ ಒತ್ತಿದ್ದು."

ಗಿರಿಜೆಗೆ ಅಳು ಬಂತು. ಅವ್ವ ಅದನ್ನು ನೋಡಿಯೂ ಸಮಾಧಾನ ಮಾಡಲಿಲ್ಲ.

"ಅತ್ಕಂಡು ಕೂತ್ಕಬ್ಯಾಡ. ನಾನು ವಾಪಸ್ ತಗಂಡೋಳಲ್ಲ ಅಂತ ಹೋಗಿ ಹೇಳು. ಹೆಂಗಾಯ್ತು ಅಂತ ಕೇಳ್ತಾರೆ. ಅದನ್ನೂ ಹೇಳು. ಮೊದಲು ರಂಗಕ್ಕಂಗೆ, ಆಮೇಲೆ ಕೇರಿಯ ಅಷ್ಟೂ ಮನೆಗೆ."

"ಅವ್ವ, ನೀನೂ ಬಾ."

"ನನ್ ಮಾತು ಇನ್ ಯಾರ್ ನಂಬ್ತಾರೆ?"

ಗಿರಿಜೆ ಅಪ್ಪನ ಕಡೆ ನೋಡಿದಳು. ಅವನು ಹಿತ್ತಲಿಗೆ ಹೋಗಿ ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದ. ಅವಳು ಕಣ್ಣೊರೆಸಿಕೊಂಡು ರಂಗಕ್ಕನ ಮನೆಯ ಕಡೆ ಓಡಿ, ಬಾಗಿಲಲ್ಲಿ ನಿಂತು ಕೂಗಿದಳು. ರಂಗಕ್ಕ ಮುಖ ಗಂಟಿಕ್ಕಿಕೊಂಡೇ ಹೊರಗೆ ಬಂದಳು.

"ಅವ್ವ ವಾಪಸ್ ತಗಂಡಿಲ್ಲ ರಂಗಕ್ಕ" ಎಂದಳು ಗಿರಿಜೆ. "ನಾನು..."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ರಂಗಕ್ಕ ಕಾಯುತ್ತಾ ನಿಂತಿದ್ದಳು. ಇದಾದ ಮೇಲೆ ಕೆಳಗಿನ ಕೇರಿಯ ನಲವತ್ತು ಮನೆ ಬಾಕಿಯಿದ್ದವು.